ವಿಜ್ಞಾನವೋ? ಇಂಜಿನಿಯರಿಂಗೋ?

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಕೂಡಲೆ ಅನೇಕ ಮನೆಗಳಲ್ಲಿ ಒಂದು ಚರ್ಚೆ ಹುಟ್ಟಿಕೊಳ್ಳುತ್ತದೆ. ತಂದೆಗೆ ಮಗ ಇಂಜಿನಿಯರಾಗಬೇಕು. ಸೋದರಮಾವನ ಸಲಹೆ ಬೇರೆ. ಹುಡುಗನನ್ನೇ ಕೇಳಿದರೆ, “ಭೌತಶಾಸ್ತ್ರವೂ ಇಷ್ಟ, ಯಂತ್ರಗಳೂ ಇಷ್ಟ” ಎನ್ನುತ್ತಾನೆ. ಇದನ್ನು ಕೇಳಿ ಹಿರಿಯರು ಸಿಡುಕುವುದುಂಟು. ಸಿಡುಕಲು ಕಾರಣವಿಲ್ಲ. ಹದಿನೆಂಟರ ಪ್ರಾಯದಲ್ಲಿ ಮನಸ್ಸು ಎರಡು ಕಡೆ ಎಳೆಯುವುದು ಸಹಜ. ಅಂಥ ವಿದ್ಯಾರ್ಥಿಗೆ ಎಂಥ ಕಾಲೇಜು ಒಳ್ಳೆಯದು ಎಂಬುದೇ ನಾವು ಯೋಚಿಸತಕ್ಕ ವಿಷಯ.

ಕಬ್ಬಿಣ ಏಕೆ ತುಕ್ಕು ಹಿಡಿಯುತ್ತದೆಂದು ಕೇಳುವುದು ವಿಜ್ಞಾನ. ತುಕ್ಕಿಗೆ ಜಗ್ಗದ ಸೇತುವೆಯನ್ನು ಗೊತ್ತಾದ ಹಣದಲ್ಲಿ, ಗೊತ್ತಾದ ಅವಧಿಯಲ್ಲಿ ಕಟ್ಟುವ ಬಗೆ ಹೇಗೆಂದು ಕೇಳುವುದು ಇಂಜಿನಿಯರಿಂಗ್. ಎರಡಕ್ಕೂ ಗಣಿತವೇ ತಳಹದಿ. ಆದ್ದರಿಂದಲೇ ಒಂದರಿಂದ ಇನ್ನೊಂದಕ್ಕೆ ದಾಟಿದವರು ನಮ್ಮಲ್ಲಿ ಇದ್ದಾರೆ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಬಳಿಕ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತರು. ಉಡುಪಿ ಜಿಲ್ಲೆಯ ಅದಮಾರಿನ ಯು. ಆರ್. ರಾಯರು ಓದಿದ್ದು ಭೌತಶಾಸ್ತ್ರ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ನಿರ್ಮಿಸಿದ ತಂಡಕ್ಕೆ ಅವರೇ ಮುಖಂಡರು.

ಹಾಗೆಂದು ಎಲ್ಲಿ ಸೇರಿದರೂ ಒಂದೇ ಎಂದು ತಿಳಿಯಬಾರದು. ದಾಟುವುದಕ್ಕೆ ವರ್ಷಗಳೂ ಹಣವೂ ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನೆನೆದು, ಶುಲ್ಕ ಕಟ್ಟುವ ಮುನ್ನ ಕೆಲವು ಸಂಗತಿಗಳನ್ನು ವಿಚಾರಿಸಿ.

ಮೊದಲನೆಯದು, ಮುಖ್ಯ ವಿಷಯವನ್ನು ಎಂದು ಆರಿಸಬೇಕು? ಸಿ.ಇ.ಟಿ. ಮೂಲಕ ಇಂಜಿನಿಯರಿಂಗ್ ಕಾಲೇಜಿಗೆ ಸೇರುವವರಿಗೆ ಸೀಟಿನೊಡನೆಯೇ ಶಾಖೆಯೂ ನಿಶ್ಚಯವಾಗುತ್ತದೆ. ಮುಂದೆ ಬದಲಾಯಿಸಲು ಅವಕಾಶವುಂಟೆ, ಎಷ್ಟು ಅಂಕ ಬೇಕು ಎಂಬ ನಿಯಮವನ್ನು ಬರಹದಲ್ಲಿಯೇ ನೋಡಿರಿ, ಬಾಯಿಮಾತನ್ನು ನಂಬಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಪದವಿಯ ಕ್ರಮ ಬೇರೆ. ಅಲ್ಲಿ ವಿದ್ಯಾರ್ಥಿಗಳು ಮೊದಲು ಗಣಿತ, ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಇಂಜಿನಿಯರಿಂಗ್ ಪಾಠಗಳನ್ನೂ ಓದಿ, ಅನಂತರ ಮುಖ್ಯ ವಿಷಯವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಸೀಟುಗಳು ಕಡಮೆ, ಪೈಪೋಟಿ ಹೆಚ್ಚು. ಆದರೂ ಎರಡು ಮನಸ್ಸಿನವರಿಗೆ ಒಪ್ಪುವ ಏರ್ಪಾಡು ಅದು.

ಎರಡನೆಯದು, ಪ್ರಯೋಗಶಾಲೆ. ಕಟ್ಟಡದ ಅಂದ ನೋಡಿ ಬರಬೇಡಿ. ವಿದ್ಯಾರ್ಥಿ ಉಪಕರಣವನ್ನು ತಾನೇ ಕೈಯಲ್ಲಿ ಹಿಡಿಯುತ್ತಾನೋ, ಹತ್ತು ಜನರ ಹಿಂದೆ ನಿಂತು ಇಣುಕುತ್ತಾನೋ ಎಂಬುದನ್ನು ಅಲ್ಲಿ ಓದುತ್ತಿರುವವರಿಂದ ತಿಳಿಯಿರಿ.

ಮೂರನೆಯದು, ಖರ್ಚು. ಒಂದು ವರ್ಷದ ಶುಲ್ಕವಲ್ಲ, ಹಾಸ್ಟೆಲು, ಊಟ, ಪ್ರಯಾಣ ಸೇರಿಸಿ ಇಡೀ ಪದವಿಯ ಲೆಕ್ಕ ಹಾಕಿರಿ. ಬಿ.ಎಸ್‌ಸಿ. ಆರಿಸಿದರೆ ಎಂ.ಎಸ್‌ಸಿ. ವರ್ಷಗಳನ್ನೂ ಕೂಡಿಸಿರಿ. ಸಾಲ ಮಾಡಿ ಸೇರಿಸಿದ ಮೇಲೆ, ಬೇಡವೆನಿಸಿದ ವಿಷಯವನ್ನೂ ಬಿಡಲಾಗದೆ ಹುಡುಗ ಒಳಗೊಳಗೇ ಕೊರಗಬಹುದು.

ಇನ್ನೊಂದು ಮಾತು. “ಮಗನಿಗೆ ಇಂಜಿನಿಯರಿಂಗ್, ಮಗಳಿಗೆ ಬಿ.ಎಸ್‌ಸಿ. ಸಾಕು” ಎಂದು ಗೆರೆ ಎಳೆಯುವ ಮನೆಗಳು ಇನ್ನೂ ಇವೆ. ಇದು ಮಗಳಿಗೂ ಅನ್ಯಾಯ, ವಿಜ್ಞಾನಕ್ಕೂ ಅವಮಾನ.

ಮನಸ್ಸಿನ ಒಲವನ್ನು ಅರಿಯಲು ಒಂದು ಸುಲಭ ಉಪಾಯ ಉಂಟು. ಐ.ಐ.ಟಿ.ಗಳೂ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟೆಲ್ ಪಾಠಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ಕೇಳಬಹುದು. ರಜೆಯಲ್ಲಿ ಹದಿನೈದು ದಿನ ಎರಡು ಬಗೆಯ ಪಾಠಗಳನ್ನೂ ಕೇಳಲಿ, ಲೆಕ್ಕಗಳನ್ನು ಮಾಡಲಿ. ಯಾರೂ ಹೇಳದೆ ಯಾವುದಕ್ಕೆ ಮತ್ತೆ ಮರಳುತ್ತಾರೆಂಬುದನ್ನು ನೀವು ಸುಮ್ಮನೆ ಗಮನಿಸಿರಿ. ಆಮೇಲೆ ಅರ್ಜಿ ತುಂಬಲು ಒಟ್ಟಿಗೆ ಕುಳಿತುಕೊಳ್ಳಿರಿ.