ಬೆರಕೆ ಹಿಂಡಿನಿಂದ ಶುದ್ಧ ತಳಿಯ ಕೋಳಿಮರಿಗಳನ್ನು ಪಡೆಯುವ ಕ್ರಮ



ಹಿತ್ತಿಲಿನ ನಾಟಿಕೋಳಿಗಳ ನಡುವೆ ನಾಲ್ಕಾರು ಬಿಳಿ ಲೆಗ್‌ಹಾರ್ನ್ ಹೇಂಟೆಗಳನ್ನೂ ಒಂದು ಹುಂಜವನ್ನೂ ಬೆಲೆ ಕೊಟ್ಟು ತಂದು ಬಿಟ್ಟುಕೊಂಡಿರುವ ರೈತರು ಉಂಟು. ಲೆಗ್‌ಹಾರ್ನ್ ಹೇಂಟೆಯ ಮೊಟ್ಟೆ ಅಚ್ಚ ಬಿಳುಪು. ನಾಟಿಕೋಳಿಯದು ಸಾಮಾನ್ಯವಾಗಿ ಕಂದು ಛಾಯೆಯದು. ಆದುದರಿಂದ ಬಿಳಿಯ ಮೊಟ್ಟೆಗಳನ್ನು ಆರಿಸಿ ಕಾವಿಗಿಟ್ಟರೆ ಶುದ್ಧ ಮರಿಗಳೇ ಹೊರಡುವುವೆಂದು ಅವರು ಎಣಿಸುತ್ತಾರೆ. ಮೊಟ್ಟೆಯ ಚಿಪ್ಪು ತಾಯಿ ಯಾವುದೆಂಬುದನ್ನು ತಿಳಿಸೀತೇ ಹೊರತು ತಂದೆ ಯಾವುದೆಂಬುದನ್ನು ತಿಳಿಸಲಾರದು. ನೆರೆಮನೆಯ ಹುಂಜ ಬೇಲಿ ದಾಟಿ ಬಂದಿದ್ದರೆ ಸಾಕು, ಆ ಬಿಳಿಯ ಮೊಟ್ಟೆಯೊಳಗೂ ಬೆರಕೆ ಮರಿ ಇರಬಹುದು.

ಮರಿಯ ಬಣ್ಣವನ್ನು ನಂಬುವುದೂ ಸಲ್ಲದು. ಲೆಗ್‌ಹಾರ್ನಿನ ಬಿಳುಪು ಇತರ ಬಣ್ಣಗಳನ್ನು ಮುಚ್ಚಿಬಿಡತಕ್ಕ ಗುಣವುಳ್ಳದ್ದು. ಕರಿಯ ನಾಟಿಹುಂಜಕ್ಕೆ ಹುಟ್ಟಿದ ಮರಿಯೂ ಬಹುಮಟ್ಟಿಗೆ ಬೆಳ್ಳಗೇ ಇರುವುದು. ಅಲ್ಲೊಂದು ಇಲ್ಲೊಂದು ಕರಿಗರಿ ಕಂಡರೆ ಕಂಡೀತು. ಅಂಥವುಗಳಿಂದ ಮತ್ತೆ ಮರಿ ಮಾಡಿಸಿದಾಗಲೇ ಅಡಗಿದ್ದ ಬಣ್ಣಗಳು ಹೊರಬೀಳುವುವು. ಅಷ್ಟರೊಳಗೆ ಶುದ್ಧವೆಂದು ಹೇಳಿ ನೆರೆಯವರಿಗೆ ಮೊಟ್ಟೆ ಮಾರಿದ್ದರೆ, ಕೊಂಡವರ ಹಣವೂ ಮಾರಿದವನ ಮಾತೂ ಒಟ್ಟಿಗೆ ಹೋದಂತೆ.

ಇದಕ್ಕೆ ಪರಿಹಾರ ಸುಲಭ; ತಾಳ್ಮೆ ಮಾತ್ರ ಬೇಕು. ಹುಂಜ ಒಮ್ಮೆ ಕೂಡಿದ ಮೇಲೆ ಅದರ ವೀರ್ಯವು ಹೇಂಟೆಯ ಅಂಡನಾಳದ ಅತಿ ಸೂಕ್ಷ್ಮವಾದ ಕೊಳವೆಗಳಲ್ಲಿ ಶೇಖರವಾಗಿದ್ದು, ಸ್ವಲ್ಪ ಸ್ವಲ್ಪವಾಗಿ ಹೊರಬಂದು, ಎರಡು ಮೂರು ವಾರಗಳ ಕಾಲ ಮೊಟ್ಟೆಗಳಿಗೆ ಜೀವ ಕೂಡಿಸುತ್ತಿರುತ್ತದೆ. ಇಂದು ಬೇರ್ಪಡಿಸಿ ನಾಳೆಯಿಂದ ಮೊಟ್ಟೆ ಕೂಡಿಟ್ಟರೆ ಫಲವಿಲ್ಲವೆಂಬುದು ಇದರಿಂದ ತಿಳಿಯುವುದು. ಮೊದಲು ಹೇಂಟೆಗಳನ್ನು ಬಿದಿರುತಟ್ಟಿ ಕಟ್ಟಿದ ಅಂಗಳದಲ್ಲಿ ಯಾವ ಹುಂಜವೂ ಸೇರದಂತೆ ಮೂರು ವಾರ, ಸಾಧ್ಯವಾದರೆ ನಾಲ್ಕು ವಾರ, ಇರಿಸತಕ್ಕದ್ದು. ಮೇಲೆ ಬಲೆ ಹೊದಿಸದಿದ್ದರೆ ತಟ್ಟಿ ಕಟ್ಟಿದ್ದು ವ್ಯರ್ಥ. ನಾಟಿಹುಂಜ ಹಾರುವುದರಲ್ಲಿ ಬಹು ಜಾಣ. ಈ ಅವಧಿಯ ಮೊಟ್ಟೆಗಳು ಅಡಿಗೆಗೋ ಸಂತೆಗೋ ಹೋಗಲಿ. ಅನಂತರ ಶುದ್ಧ ಹುಂಜವನ್ನು ಬಿಟ್ಟು, ಒಂದು ವಾರ ಕಳೆದ ಮೇಲೆ ಕಾವಿನ ಮೊಟ್ಟೆಗಳನ್ನು ಕೂಡಿಡಲು ತೊಡಗಬಹುದು. ಒಂದು ಹುಂಜಕ್ಕೆ ಹತ್ತು ಹೇಂಟೆ ಸಾಕು.

ನಾಟಿಹುಂಜ ಒಮ್ಮೆ ಕೂಡಿದರೆ ಹೇಂಟೆ ಎಂದೆಂದಿಗೂ ಕೆಟ್ಟಿತೆಂದು ತಿಳಿದು ಒಳ್ಳೆಯ ಹೇಂಟೆಗಳನ್ನು ಕೊಯ್ದುಬಿಡುವುದು ಶುದ್ಧ ಅವಿವೇಕ. ಹೆಣ್ಣಿನ ಮೊದಲ ಗಂಡಿನ ಗುರುತು ಮುಂದಿನ ಮರಿಗಳಲ್ಲೆಲ್ಲ ಉಳಿಯುವುದೆಂಬ ಭ್ರಮೆ ಯೂರೋಪಿನಲ್ಲಿಯೂ ಇತ್ತು. ಸ್ಕಾಟ್ಲೆಂಡಿನ ಕಾಸರ್ ಈವರ್ಟ್ ಎಂಬ ಪಂಡಿತರು 1890ರ ದಶಕದಲ್ಲಿ ಕುದುರೆ ಮತ್ತು ಜೀಬ್ರಾಗಳಲ್ಲಿ ಪರೀಕ್ಷೆ ನಡೆಸಿ, ಅದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಹಳೆಯ ವೀರ್ಯ ತೀರಿದ ಮೇಲೆ ಹೇಂಟೆ ಮೊದಲಿನಂತೆಯೇ.

ಲೆಗ್‌ಹಾರ್ನ್ ಹೇಂಟೆ ಕಾವಿಗೆ ಕೂರುವುದು ಅಪರೂಪ. ಈ ಕೆಲಸಕ್ಕೆ ನಾಟಿಕೋಳಿಗೆ ಸಮನಾದದ್ದಿಲ್ಲ; ಅದರ ಕೆಳಗೆ ಹತ್ತು ಹನ್ನೆರಡು ಮೊಟ್ಟೆಗಳನ್ನಿಡಬಹುದು. ತಂಪಾದ ಸ್ಥಳದಲ್ಲಿಟ್ಟ, ಏಳು ದಿನಗಳಿಗೆ ಮೀರದ ಮೊಟ್ಟೆಗಳೇ ಉತ್ತಮ. ಪ್ರತಿಯೊಂದಕ್ಕೂ ಸೀಸದ ಕಡ್ಡಿಯಿಂದ ಗುರುತು ಹಾಕಿರಬೇಕು. ಏತಕ್ಕೆಂದರೆ ಕೂತ ಕೋಳಿಯೋ ಗೂಡಿಗೆ ನುಗ್ಗಿದ ಬೇರೊಂದೋ ನಡುವೆ ತನ್ನ ಮೊಟ್ಟೆಯನ್ನೂ ಸೇರಿಸೀತು. ಗುರುತಿಲ್ಲದ್ದನ್ನು ಆಗಿಂದಾಗ್ಗೆ ತೆಗೆದುಬಿಡುವುದು. ಏಳನೆಯ ರಾತ್ರಿ ದೀಪದ ಬೆಳಕಿಗೆ ಹಿಡಿದು ನೋಡಿ, ರಕ್ತನಾಳಗಳು ಕಾಣದ ಬರಿಯ ಮೊಟ್ಟೆಗಳನ್ನು ಬೇರೆ ಮಾಡಬಹುದು. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬಂದ ಕೂಡಲೆ, ಇತರ ಮರಿಗಳೊಡನೆ ಬೆರೆಯುವುದಕ್ಕೆ ಮುಂಚೆ, ಕಾಲ್ಬೆರಳುಗಳ ನಡುವಣ ತೆಳುಪೊರೆಯಲ್ಲಿ ಸಣ್ಣದೊಂದು ತೂತು ಮಾಡಿ ಗುರುತಿಡತಕ್ಕದ್ದು.