ಹಳೆಯ ಲಾರಿಯ ಜೀರ್ಣೋದ್ಧಾರ

ಅರಸೀಕೆರೆಯಿಂದ ಮಾಲೇಕಲ್ಲು ತಿರುಪತಿಗೆ ನೀವು ಬಂದಿದ್ದರೆ ಬೆಟ್ಟವನ್ನೂ, ಸಾವಿರಕ್ಕೆ ಮೇಲ್ಪಟ್ಟ ಮೆಟ್ಟಿಲುಗಳನ್ನೂ, ಆಷಾಢದಲ್ಲಿ ಎಳೆಯುವ ತೇರನ್ನೂ ನೋಡಿಯೇ ಇರುತ್ತೀರಿ. ತೇರಿನ ಹಬ್ಬ ಹತ್ತಿರ ಬಂತೆಂದರೆ ಯಾವ ಊರಿನಲ್ಲಾದರೂ ಬಡಗಿ ಬಂದು ಗಾಲಿ, ಅಚ್ಚು, ಬೆಣೆಗಳನ್ನು ತಟ್ಟಿ ನೋಡುತ್ತಾನೆ. ಲಡ್ಡಾದ ಮರವನ್ನು ತೆಗೆದು, ಅದೇ ಜಾತಿಯ ಮರವನ್ನು ಅದೇ ಅಳತೆಗೆ ಕೆತ್ತಿ ಕೂಡಿಸುತ್ತಾನೆ. ವರ್ಷ ವರ್ಷವೂ ಒಂದೊಂದು ತುಂಡು ಬದಲಾದರೂ ಇದು ಬೇರೆ ತೇರೆಂದು ಯಾರೂ ಹೇಳುವುದಿಲ್ಲ. ಆದರೆ ಮರದ ಗಾಲಿ ತೆಗೆದು ರಬ್ಬರು ಟೈರು ತೊಡಿಸಿದರೆ ಊರೇ ಎದ್ದು ಕೇಳುತ್ತದೆ. ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು ಎಂಬ ವಿವೇಕಕ್ಕೆ ಜೀರ್ಣೋದ್ಧಾರವೆಂದು ಹೆಸರು. ಈ ಮಾತನ್ನು ಇಂದು ನಾನು ದೇವಸ್ಥಾನಕ್ಕಲ್ಲದೆ ಒಂದು ಹಳೆಯ ಲಾರಿಗೆ ಅನ್ವಯಿಸಿ ಹೇಳಬೇಕೆಂದಿದ್ದೇನೆ.

ಕನ್ನಡ ಪಂಡಿತನಿಗೆ ಲಾರಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನಮ್ಮ ಕಡೆಯ ಒಂದು ಮನೆಯ ಹಿತ್ತಲಿನಲ್ಲಿ, ಹಲಸಿನ ಮರದ ಕೆಳಗೆ, ಕೊಬ್ಬರಿ ಸಾಗಿಸುತ್ತಿದ್ದ ಲಾರಿಯೊಂದು ಬಹಳ ಕಾಲದಿಂದ ನಿಂತಿತ್ತು. ಮನೆಯ ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡಲು ಮಾತಾಡಿಕೊಂಡರು. ಕೊಡುವ ಮುಂಚೆ ಅಪ್ಪನ ಬಾಡಿಗೆ ಲೆಕ್ಕದ ಪುಸ್ತಕಗಳಲ್ಲಿ ಏನಿದೆ ನೋಡಿ ಹೇಳಿ ಎಂದು, ಹಳೆಯ ಕೈಬರಹ ಓದಬಲ್ಲವನೆಂಬ ಕಾರಣದಿಂದ, ನನ್ನನ್ನು ಕರೆದರು. ಓದುತ್ತ ಹೋದಂತೆ ಆ ಪುಸ್ತಕ ಲಾರಿಯ ಜಾತಕವೇ ಆಗಿತ್ತು. ಯಾವ ವರ್ಷ ಯಾವ ಭಾಗ ಸವೆಯಿತು, ಅದರ ಬದಲು ಏನು ಹಾಕಿಸಿದರು, ಎಷ್ಟು ಕೊಟ್ಟರು, ಎಲ್ಲವೂ ದಾಖಲಾಗಿದ್ದವು.

ಲಾರಿ 1962ರದು, ಟಾಟಾ ಮರ್ಸಿಡಿಸ್ ಬೆಂಜ್. ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯೊಡನೆ ಟಾಟಾದವರು 1954ರಲ್ಲಿ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದರು. 1969ರಲ್ಲಿ ಒಪ್ಪಂದ ಮುಗಿಯಿತು. ಮೂತಿಯ ಮೇಲಿನ ಮೂರು ಕಿರಣದ ನಕ್ಷತ್ರ ಹೋಗಿ ಟಾಟಾದವರ ‘ಟಿ’ ಅಕ್ಷರ ಬಂತು. ಆದ್ದರಿಂದ ನಕ್ಷತ್ರವಿದ್ದರೆ ಲಾರಿ ಆ ಕಾಲಕ್ಕಿಂತ ಹಿಂದಿನದೆಂದು ಊಹಿಸಬಹುದು. ಊಹೆ ಎಂದೆ, ನಿರ್ಣಯವಲ್ಲ. ನಕ್ಷತ್ರವನ್ನು ಯಾರು ಬೇಕಾದರೂ ತಂದು ಅಂಟಿಸಬಹುದು. ನಿರ್ಣಯಕ್ಕೆ ಚಾಸಿಯ ಉಕ್ಕಿನ ಮೇಲೆ ಒತ್ತಿರುವ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಆರ್.ಸಿ. ಪುಸ್ತಕ ಈ ಮೂರೂ ಕೂಡಿಬರಬೇಕು.

ನಾವು ಓಲೆಗರಿಯ ಗ್ರಂಥಗಳನ್ನು ಶೋಧಿಸುವುದೂ ಹೀಗೆಯೇ. ಒಂದೇ ಪ್ರತಿಯನ್ನು ನಂಬುವುದಿಲ್ಲ. ನಾಲ್ಕು ಪ್ರತಿಗಳನ್ನು ಹೋಲಿಸುತ್ತೇವೆ. ಲಿಪಿಕಾರನ ಕೈತಪ್ಪು ಯಾವುದು, ಯಾರೋ ಆಮೇಲೆ ಸೇರಿಸಿದ ಪ್ರಕ್ಷಿಪ್ತ ಯಾವುದು ಎಂದು ಬೇರ್ಪಡಿಸುತ್ತೇವೆ. ಲಾರಿಗೂ ಪ್ರತ್ಯಂತರ ಬೇಕು. ಅದೇ ಮಾದರಿಯ ಇನ್ನೊಂದು ಲಾರಿ, ಕಂಪನಿಯ ಬಿಡಿಭಾಗಗಳ ಪಟ್ಟಿ, ಹಳೆಯ ಫೋಟೋ, ಇವೇ ಪ್ರತ್ಯಂತರಗಳು.

ಇಲ್ಲಿ ನಮ್ಮ ದೇಶದ ಒಂದು ವಿಶೇಷವನ್ನು ಗಮನಿಸಬೇಕು. ಆ ಕಾಲದಲ್ಲಿ ಲಾರಿಗಳು ಬಹುಮಟ್ಟಿಗೆ ಎಂಜಿನ್ನು, ಚಾಸಿ, ಮುಂಭಾಗ ಇಷ್ಟರೊಂದಿಗೆ ಕಾರ್ಖಾನೆಯಿಂದ ಬರುತ್ತಿದ್ದವು. ಡ್ರೈವರು ಕೂರುವ ಕ್ಯಾಬಿನ್ನು, ಸರಕಿನ ತೊಟ್ಟಿ, ಇವನ್ನು ಮರ ಮತ್ತು ತಗಡಿನಿಂದ ಕಟ್ಟುತ್ತಿದ್ದವರು ನಮ್ಮ ಕಡೆಯ ಬಡಗಿಗಳೂ ಕಮ್ಮಾರರೂ. ಬಣ್ಣ ಬಳಿದು ಹೆಸರು ಬರೆಯುತ್ತಿದ್ದವನು ನಮ್ಮವನೇ. ಹೀಗಿರುವಾಗ ಜರ್ಮನಿಯ ಚಿತ್ರಪುಸ್ತಕ ನೋಡಿ ಕ್ಯಾಬಿನ್ನನ್ನು ‘ಅಸಲಿ’ ಮಾಡಹೊರಟರೆ, ನಿಜವಾದ ಅಸಲನ್ನು ನಾವೇ ಒಡೆದುಹಾಕಿದಂತಾಗುತ್ತದೆ. ಬಾಗಿಲಿನ ಮೇಲೆ ಮಾಸಿದ ಕನ್ನಡ ಅಕ್ಷರಗಳಿದ್ದರೆ ಉಜ್ಜಿ ತೆಗೆಯಬೇಡಿ. ಅದು ಆ ಲಾರಿಯ ಶಾಸನ.

ಆ ಲಾರಿಯನ್ನು ಓಡಿಸುತ್ತಿದ್ದ ಡ್ರೈವರು ಇನ್ನೂ ಇದ್ದಾರೆ. ಕಣ್ಣು ಮಂಜಾಗಿದೆ. ಮೊಮ್ಮಗನ ಕೈ ಹಿಡಿದು ಬಂದರು. ಹತ್ತಿಸಿ ಕೂರಿಸಿದೆವು. ಸ್ಟೇರಿಂಗಿನ ಸುತ್ತ ಒಂದು ಸಾರಿ ಕೈಯಾಡಿಸಿ, “ಮೇಷ್ಟ್ರೇ, ಇದು ನಮ್ ಗಾಡೀದಲ್ಲ. ನಮ್ದು ಇನ್ನೂ ದಪ್ಪ ಇತ್ತು” ಎಂದರು. ಮಕ್ಕಳು ನಕ್ಕರು. ನಾನು ಪುಸ್ತಕ ತಿರುವಿದೆ. ತಿಪಟೂರಿನಲ್ಲಿ ಸ್ಟೇರಿಂಗ್ ಚಕ್ರ ಬದಲಾಯಿಸಿದ ಬಾಬ್ತು ಅಲ್ಲಿತ್ತು. “ಹಾಗಾದರೆ ಹಳೇದು ಎಲ್ಲಿ ಹೋಯ್ತು ತಾತ?” ಎಂದು ಕಿರಿಯವನು ಕೇಳಿದ. “ನಿಮ್ಮಪ್ಪಾಜಿ ಏನನ್ನಾದ್ರೂ ಎಸೀತಿದ್ರಾ? ಅಟ್ಟ ನೋಡಪ್ಪ” ಎಂದರು. ಅಟ್ಟದ ಮೇಲೆ, ಗೋಣಿಚೀಲದಲ್ಲಿ, ಬಿರುಕು ಬಿಟ್ಟ ಚಕ್ರವೂ ಸಿಕ್ಕಿತು. ಅದರ ಜೊತೆಗೆ ಕಪ್ಪಿಟ್ಟ ನಕ್ಷತ್ರವೂ ಸಿಕ್ಕಿತು. ಆಮೇಲೆ ಯಾರೂ ನಗಲಿಲ್ಲ.

ಆದ್ದರಿಂದ ಅಸಲಿ ಭಾಗವನ್ನು ಮೊದಲು ಹುಡುಕಬೇಕಾದದ್ದು ಮನೆಯ ಅಟ್ಟದಲ್ಲಿ. ಎರಡನೆಯದು ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಂಥವು ಸಾಲಾಗಿವೆ. ಮೂರನೆಯದು ಗುಜರಿ. ಡಬ್ಬದ ಮೇಲಿನ ಹೆಸರನ್ನು ನಂಬಿ ಕೊಳ್ಳಬೇಡಿ. ಭಾಗದ ಮೇಲೆಯೇ ಎರಕದಲ್ಲಿ ಮೂಡಿರುವ ಸಂಖ್ಯೆ, ತಯಾರಕರ ಗುರುತು, ತೂಕ ಇವನ್ನು ಹಳೆಯದರೊಡನೆ ತಾಳೆನೋಡಿ. ಮಾದರಿಗೆ ಹಳೆಯ ತುಂಡನ್ನು ಕೈಯಲ್ಲಿ ಹಿಡಿದೇ ಹೋಗಿ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸುತ್ತಿತ್ತು. ಆ ಕಂಪನಿಗೆ 2008ರಿಂದ ಬಾಷ್ ಎಂಬ ಹೆಸರು. ಪಂಪಿನ ಮೇಲೆ ಒಂದು ಸಣ್ಣ ಫಲಕವಿರುತ್ತದೆ. ಅದರ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅರ್ಧ ಹುಡುಕಾಟ ಮುಗಿದಂತೆ.

ಇನ್ನು ಕೆಲಸದ ಕ್ರಮ. ಒಂದು ಬೋಲ್ಟನ್ನು ಬಿಚ್ಚುವ ಮುಂಚೆ ಎಲ್ಲ ಮಗ್ಗುಲಿನಿಂದಲೂ ಫೋಟೋ ತೆಗೆಯಿರಿ. ಬಿಚ್ಚಿದ್ದಕ್ಕೆಲ್ಲ ಚೀಟಿ ಕಟ್ಟಿ. ಬಹುಕಾಲ ನಿಂತ ಎಂಜಿನ್ನನ್ನು ಬ್ಯಾಟರಿ ಹಾಕಿ ಒಮ್ಮೆಲೇ ತಿರುಗಿಸಬಾರದು. ತುಕ್ಕು ಹಿಡಿದ ಪಿಸ್ಟನ್ನು ಮುರಿದೀತು. ಸಿಲಿಂಡರುಗಳಿಗೆ ತೆಳುವಾದ ಎಣ್ಣೆ ಬಿಟ್ಟು, ಕೆಲವು ದಿನ ನೆನೆಸಿ, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಟ್ಯಾಂಕಿಯ ಹಳೆಯ ಡೀಸೆಲನ್ನು ಪೂರ್ತಿ ತೆಗೆದುಹಾಕಬೇಕು. ಬ್ರೇಕಿನ ರಬ್ಬರುಗಳು, ಕೊಳವೆಗಳು, ಟೈರುಗಳು ಇವುಗಳಲ್ಲಿ ಮಾತ್ರ ಅಸಲಿನ ಹಟ ಬೇಡ, ಹೊಸದನ್ನೇ ಹಾಕಿ. ಪ್ರಾಣಕ್ಕಿಂತ ಪಾಠಶುದ್ಧಿ ದೊಡ್ಡದಲ್ಲ. ಹಳೆಯ ಬ್ರೇಕು, ಕ್ಲಚ್ಚುಗಳ ಪಟ್ಟಿಯಲ್ಲಿ ಕಲ್ನಾರು ಇರುತ್ತಿತ್ತು, ಹಳೆಯ ಬಣ್ಣದಲ್ಲಿ ಸೀಸ. ಇವುಗಳ ಧೂಳು ಶ್ವಾಸಕೋಶಕ್ಕೂ ನರಗಳಿಗೂ ಕೇಡು. ಗಾಳಿ ಊದಿ ಹಾರಿಸದೆ, ಒದ್ದೆ ಮಾಡಿ ಒರೆಸಿ ತೆಗೆಯಬೇಕು, ಮಕ್ಕಳನ್ನು ದೂರವಿಡಬೇಕು.

ಕಾನೂನಿನ ಮಾತೊಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರಾಚೀನ ವಾಹನವೆಂಬ ನೋಂದಣಿಗೆ ನಿಯಮ ಮಾಡಿತು. ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟಾಗದೆ ಮೂಲರೂಪದಲ್ಲಿರಬೇಕೆಂಬುದು ಅದರ ಷರತ್ತು. ಆದರೆ ಆ ನಿಯಮ ಹೇಳುವುದು ಬೈಸಿಕಲ್ಲಿನಂತೆ ಎರಡು ಗಾಲಿಯ ಮೋಟಾರು ವಾಹನಗಳನ್ನೂ, ಜನ ಕೂರುವ ಕಾರುಗಳನ್ನೂ ಮಾತ್ರ. ಸರಕಿನ ಲಾರಿ ಅದರೊಳಗೆ ಬರುವುದಿಲ್ಲ. ಶ್ರೀಮಂತರ ಕಾರಿಗೆ ಸಿಕ್ಕ ಮನ್ನಣೆ ನಾಡಿನ ಕೊಬ್ಬರಿ, ರಾಗಿ, ಇಟ್ಟಿಗೆ ಹೊತ್ತ ಲಾರಿಗೆ ಸಿಕ್ಕಿಲ್ಲ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಧರ್ಮಾಧಿಕಾರಿಗಳು 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮುಂದೆ ಜನ ನಿಂತು ನೋಡುವುದನ್ನು ಕಂಡರೆ, ಲಾರಿಗೂ ಇಂಥ ಒಂದು ನೆರಳು ಬೇಡವೇ ಎನ್ನಿಸುತ್ತದೆ.

ನಮ್ಮೂರ ಕಡೆಯ ಆ ಲಾರಿ ಇನ್ನೂ ಓಡಿಲ್ಲ. ಮುಂದೆ ಓಡೀತೆಂದು ನಾನು ಭರವಸೆ ಕೊಡಲಾರೆ. ಗುಜರಿಯವನಿಗೆ ಮುಂಗಡ ಹಿಂದಿರುಗಿಸಿದ್ದಾರೆ. ಎಣ್ಣೆಯಲ್ಲಿ ನೆಂದ ಎಂಜಿನ್ನು ಒಂಬತ್ತನೆಯ ದಿನ ಕೈಗೆ ಕದಲಿತು. ಹಲಸಿನ ಮರದ ಕೆಳಗೆ ತಗಡಿನ ಚಪ್ಪರ ಎದ್ದಿದೆ. ನಕ್ಷತ್ರವನ್ನು ಮೂತಿಗೆ ಕೂಡಿಸುವ ಕೆಲಸವನ್ನು ಡ್ರೈವರ್ ತಾತನಿಗೇ ಬಿಟ್ಟರು.

ನಿಮ್ಮ ಹಿತ್ತಲಿನಲ್ಲಿಯೂ ಇಂಥ ಒಂದು ಗಾಡಿ ನಿಂತಿರಬಹುದು. ಇಟ್ಟುಕೊಳ್ಳುವುದು, ಕೊಡುವುದು ನಿಮ್ಮ ಇಷ್ಟ. ಜಾಗವಿಲ್ಲ, ಹಣವಿಲ್ಲ ಎಂಬುದೂ ನಿಜವಾದ ಕಾರಣವೇ. ಆದರೆ ಕೊಡುವ ಮುಂಚೆ ಮೂರು ಕೆಲಸ ಮಾಡಿ: ಚಾಸಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಅದರ ಕಾಗದಪತ್ರಗಳನ್ನು ಜೋಪಾನ ಮಾಡಿ, ಅದನ್ನು ಓಡಿಸಿದವರು ಬದುಕಿದ್ದರೆ ಒಂದು ಸಾರಿ ಕರೆದು ಕೂರಿಸಿ. ಮೊದಲೆರಡನ್ನು ನಾಳೆಯೂ ಮಾಡಬಹುದು. ಮೂರನೆಯದನ್ನು ಇವತ್ತೇ ಮಾಡಬೇಕು.