ನೀರು ಕುದಿಯಲು ಎಷ್ಟು ಹೊತ್ತು?



ನಿಮಗೊಂದು ಸಣ್ಣ ಪ್ರಶ್ನೆ. ಒಂದು ಲೀಟರ್ ನೀರು ಕುದಿಯಲು ಎಷ್ಟು ಹೊತ್ತು ಬೇಕು? ಚಹಾಕ್ಕೆ ನೀರಿಡುವುದನ್ನು ದಿನವೂ ನೋಡುತ್ತೀರಿ. ಆದರೂ ಉತ್ತರ ಹೇಳಲು ತಡವರಿಸುತ್ತೀರಿ. ವಿಶಿಷ್ಟೋಷ್ಣದ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ. ಅದು ಅಡುಗೆಮನೆಯ ಲೆಕ್ಕವೂ ಹೌದೆಂದು ಹೊಳೆದಿರುವುದಿಲ್ಲ.

ಬನ್ನಿ, ಲೆಕ್ಕ ಹಾಕೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅದರ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ನಲ್ಲಿಯ ನೀರು 25 ಡಿಗ್ರಿ ಇದ್ದರೆ 100ಕ್ಕೆ ಮುಟ್ಟಲು 75 ಡಿಗ್ರಿ ಏರಬೇಕು. ಒಟ್ಟು 315 ಕಿಲೋಜೂಲ್. 1500 ವ್ಯಾಟಿನ ವಿದ್ಯುತ್ ಕೆಟಲ್ ಸೆಕೆಂಡಿಗೆ 1.5 ಕಿಲೋಜೂಲ್ ಕೊಡುತ್ತದೆ. ಭಾಗಿಸಿದರೆ 210 ಸೆಕೆಂಡು, ಅಂದರೆ ಮೂರೂವರೆ ನಿಮಿಷ.

ಗಡಿಯಾರ ಹಿಡಿದು ನೋಡಿದರೆ ತುಸು ಹೆಚ್ಚೇ ಹಿಡಿಯುತ್ತದೆ. ಲೆಕ್ಕ ತಪ್ಪಾಯಿತೆಂದು ಕೈಬಿಡಬೇಡಿ. ಸ್ವಲ್ಪ ಶಾಖ ಕೆಟಲನ್ನೇ ಕಾಯಿಸಲು ಹೋಯಿತು, ಸ್ವಲ್ಪ ಗಾಳಿಗೆ ಹೋಯಿತು. ಗ್ಯಾಸ್ ಒಲೆಯಲ್ಲಿ ಈ ನಷ್ಟ ಇನ್ನೂ ಹೆಚ್ಚು. ಉರಿ ಪಾತ್ರೆಯ ಬದಿಗೆ ಹಾಯುತ್ತದೆ. ಅಂದಾಜಿಗೂ ಗಡಿಯಾರಕ್ಕೂ ಇರುವ ಆ ವ್ಯತ್ಯಾಸವೇ ಮುಂದಿನ ಪಾಠ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದ ಜೋಸೆಫ್ ಬ್ಲ್ಯಾಕ್ 1762ರಲ್ಲಿ ಹೀಗೆಯೇ ಹೊತ್ತು ಎಣಿಸಿದರು. ಕಾದ ಕಬ್ಬಿಣದ ಮೇಲೆ ತಗಡಿನ ಪಾತ್ರೆಯಲ್ಲಿ ಸ್ವಲ್ಪ ತಣ್ಣೀರಿಟ್ಟರು. ಕುದಿ ಬರಲು ಸುಮಾರು 4 ನಿಮಿಷ, ಪೂರ್ತಿ ಆವಿಯಾಗಲು ಮತ್ತೆ 20 ನಿಮಿಷ ಹಿಡಿಯಿತು. ಆ 20 ನಿಮಿಷವೂ ಶಾಖ ಸೇರುತ್ತಲೇ ಇತ್ತು, ಆದರೆ ನೀರಿನ ಬಿಸಿ ಏರಲಿಲ್ಲ. ಶಾಖವೆಲ್ಲ ಆವಿಯಲ್ಲಿ ಅಡಗಿತ್ತು. ಅದನ್ನೇ ಇಂದು ನಾವು ಗುಪ್ತೋಷ್ಣ ಎಂದು ಓದುತ್ತೇವೆ. ತೆರೆದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಉರಿ ದೊಡ್ಡದು ಮಾಡಿದರೆ ಅನ್ನ ಬೇಗ ಬೇಯುವುದಿಲ್ಲ, ಗ್ಯಾಸ್ ಮಾತ್ರ ಬೇಗ ಮುಗಿಯುತ್ತದೆ ಎಂಬುದಕ್ಕೂ ಇದೇ ಕಾರಣ.

ಗಣಿತ ತಲೆಗೆ ಹತ್ತುವುದಿಲ್ಲವೆಂದು ಓದನ್ನೇ ಬಿಡುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಿಗೆ ನನ್ನ ವಿನಂತಿ ಇಷ್ಟೇ. ಇಂದು ಮನೆಯಲ್ಲಿ ನೀರಿಡುವ ಮೊದಲು ನಿಮ್ಮ ಅಂದಾಜನ್ನು ಕಾಗದದ ಮೇಲೆ ಬರೆಯಿರಿ. ತಾಯಿಯ ಅಂದಾಜನ್ನೂ ಕೇಳಿ ಬರೆದುಕೊಳ್ಳಿ. ಆಮೇಲೆ ಗಡಿಯಾರ ನೋಡಿ. ತಾಯಿಯ ಅಂದಾಜೇ ಹತ್ತಿರ ಬಂದರೆ ಆಶ್ಚರ್ಯಪಡಬೇಡಿ. ಅವರು ಶಾಲೆಗೆ ಹೋಗಿರಲಿ ಬಿಡಲಿ, ಎಷ್ಟೋ ವರ್ಷಗಳಿಂದ ಈ ಪ್ರಯೋಗ ಮಾಡುತ್ತಲೇ ಬಂದವರು. ನಿಮ್ಮದು ಏಕೆ ತಪ್ಪಿತೆಂದು ಯೋಚಿಸಿ, ನಾಳೆ ಮತ್ತೆ ಬರೆಯಿರಿ. ವಿಜ್ಞಾನ ಅಲ್ಲಿಂದಲೇ ಆರಂಭವಾಗುತ್ತದೆ.